ಕಾಣದ ಬಿಸಿಲು ಮತ್ತು ಚರ್ಮದ ರಕ್ಷಣೆ

ಭೂಪಟದಲ್ಲಿ ಬೆಂಗಳೂರು ಮತ್ತು ಮಂಗಳೂರು ನಗರಗಳನ್ನು ಗುರುತಿಸಿ. ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲೆ, ಅಂದರೆ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿವೆ. ಏಪ್ರಿಲ್ 24ರ ಆಸುಪಾಸಿನಲ್ಲಿ ಎರಡೂ ಊರುಗಳಲ್ಲಿ ಮಧ್ಯಾಹ್ನದ ಸೂರ್ಯ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇರುವುದಿಲ್ಲ. ಆ ಹೊತ್ತಿನಲ್ಲಿ ಮಂಗಳೂರಿನವರು ಸೆಕೆಯಿಂದ ಬೆವರುತ್ತಿರುತ್ತಾರೆ. ಬೆಂಗಳೂರಿನಲ್ಲಾದರೋ ಒಂದು ಮರದ ಅಡಿಗೆ ಬಂದರೆ ಸಾಕು, ಗಾಳಿ ಹಿತವಾಗಿರುತ್ತದೆ. ಹಾಗಾದರೆ ಇವೆರಡರಲ್ಲಿ ನಿಮ್ಮ ಚರ್ಮಕ್ಕೆ ಹೆಚ್ಚು ಹಾನಿ ಮಾಡಬಲ್ಲ ಬಿಸಿಲು ಯಾವ ಊರಿನದು?

ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದರೆ ಹೆಚ್ಚಿನವರು ಮಂಗಳೂರು ಎಂದೇ ಹೇಳಿಯಾರು. ಆದರೆ ಆಕಾಶ ಎರಡೂ ಕಡೆ ಒಂದೇ ಬಗೆಯಲ್ಲಿ ಶುಭ್ರವಾಗಿದ್ದರೆ ಸರಿಯಾದ ಉತ್ತರ ಬೆಂಗಳೂರು! ಮಂಗಳೂರು ಸಮುದ್ರಮಟ್ಟದಲ್ಲಿದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಮೇಲಿರುವ ಗಾಳಿಯ ಹೊದಿಕೆ ತೆಳುವಾಗುತ್ತದೆ. ಪ್ರತಿ 1000 ಮೀಟರ್ ಏರಿಕೆಗೆ ಸೂರ್ಯನ ಅತಿನೇರಳೆ ಕಿರಣಗಳು ಸುಮಾರು ಶೇಕಡ 10ರಷ್ಟು ಹೆಚ್ಚುತ್ತವೆ. ಚರ್ಮವನ್ನು ಕೆಡಿಸುವುದು ಈ ಕಿರಣಗಳೇ ಹೊರತು ಸೆಕೆಯಲ್ಲ. ಸೆಕೆಯನ್ನು ನೋಡಿ ಬಿಸಿಲಿನ ಅಪಾಯವನ್ನು ಅಳೆಯುವುದು ನಾವೆಲ್ಲರೂ ಮಾಡುವ ತಪ್ಪು. ಇದು ಏಕೆ ತಪ್ಪು, ಸರಿಯಾದ ಅಳತೆ ಯಾವುದು, ರಕ್ಷಣೆ ಹೇಗೆ ಎಂಬುದನ್ನು ಈಗ ನೋಡೋಣ.

ಬಿಸಿಲಿನಲ್ಲಿ ಏನೇನಿದೆ?

ನೆಲವನ್ನು ತಲಪುವ ಸೌರಶಕ್ತಿಯಲ್ಲಿ ಅರ್ಧದಷ್ಟು ಅವಕೆಂಪು ಕಿರಣಗಳು. ಇವು ಕಣ್ಣಿಗೆ ಕಾಣುವುದಿಲ್ಲ, ಆದರೆ ಮೈಗೆ ತಾಗಿದಾಗ ಬಿಸಿ ಎನಿಸುತ್ತವೆ. ಉಳಿದುದರಲ್ಲಿ ಬಹುಪಾಲು ಕಾಮನಬಿಲ್ಲಿನ ಬಣ್ಣಗಳ ಬೆಳಕು. ಕೊನೆಗೆ ಉಳಿಯುವ ಶೇಕಡ 5ರಷ್ಟು ಅಥವಾ ಅದಕ್ಕೂ ಕಡಿಮೆ ಪಾಲು ಅತಿನೇರಳೆ ಕಿರಣಗಳದು. ಪಠ್ಯಪುಸ್ತಕಗಳಲ್ಲಿ ಇವನ್ನು ನೇರಳಾತೀತ ಕಿರಣಗಳೆಂದೂ ಕರೆದಿರುತ್ತಾರೆ.

1800ರಲ್ಲಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಹೊಮ್ಮಿದ ಬಣ್ಣದ ಪಟ್ಟಿಯಲ್ಲಿ ಉಷ್ಣಮಾಪಕಗಳನ್ನಿಟ್ಟು, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿಯೂ ಬಿಸಿ ಇರುವುದನ್ನು ಕಂಡರು. ಮರುವರ್ಷ ಜರ್ಮನಿಯ ಯೋಹಾನ್ ವಿಲ್‌ಹೆಲ್ಮ್ ರಿಟರ್ ಪಟ್ಟಿಯ ಇನ್ನೊಂದು ತುದಿಯನ್ನು ಪರೀಕ್ಷಿಸಿದರು. ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಕ್ಲೋರೈಡ್ ನೇರಳೆ ಬಣ್ಣದಲ್ಲಿ ಕಪ್ಪಾದುದಕ್ಕಿಂತ ಬೇಗ ನೇರಳೆಯ ಆಚೆಯ ಕತ್ತಲಲ್ಲಿ ಕಪ್ಪಾಯಿತು. ಹೀಗೆ ಒಂದು ತುದಿಯ ಕಾಣದ ಕಿರಣ ಬಿಸಿಮಾಡುವಂಥದು, ಇನ್ನೊಂದು ತುದಿಯದು ರಾಸಾಯನಿಕ ಬದಲಾವಣೆ ತರುವಂಥದು ಎಂಬುದು ಎರಡು ಶತಮಾನಗಳ ಹಿಂದೆಯೇ ತಿಳಿದಿತ್ತು.

ಈ ವ್ಯತ್ಯಾಸಕ್ಕೆ ಕಾರಣ ಫೋಟಾನಿನ ಶಕ್ತಿ. ಅಲೆಯುದ್ದ ಕಡಿಮೆಯಾದಷ್ಟೂ ಒಂದೊಂದು ಫೋಟಾನಿನ ಶಕ್ತಿ ಹೆಚ್ಚು. 1000 ನ್ಯಾನೊಮೀಟರ್ ಅಲೆಯುದ್ದದ ಅವಕೆಂಪು ಫೋಟಾನಿಗೆ ಸುಮಾರು 1.2 ಇಲೆಕ್ಟ್ರಾನ್ ವೋಲ್ಟ್ ಶಕ್ತಿಯಿದೆ. ಅಣುಗಳನ್ನು ಅಲುಗಾಡಿಸಿ ಬಿಸಿಯೇರಿಸಲು ಇದು ಸಾಕು. 300 ನ್ಯಾನೊಮೀಟರ್‌ನ ಅತಿನೇರಳೆ ಫೋಟಾನಿನಲ್ಲಿ ಸುಮಾರು 4.1 ಇಲೆಕ್ಟ್ರಾನ್ ವೋಲ್ಟ್ ಇದೆ. ಅಣುವಿನ ಇಲೆಕ್ಟ್ರಾನುಗಳನ್ನು ಉದ್ರೇಕಿಸಿ, ಇಲ್ಲದ ಕಡೆ ಹೊಸ ಬಂಧಗಳನ್ನು ಉಂಟುಮಾಡಲು ಇಷ್ಟು ಶಕ್ತಿ ಸಾಕು.

ಇಲ್ಲಿ ಒಂದು ಮುಖ್ಯ ಅಂಶವಿದೆ. ನಮ್ಮ ಚರ್ಮದಲ್ಲಿ ಬಿಸಿ, ತಂಪು, ಒತ್ತಡ, ನೋವುಗಳನ್ನು ಅರಿಯುವ ನರತುದಿಗಳಿವೆ. ಅತಿನೇರಳೆ ಕಿರಣ ಬೀಳುತ್ತಿದೆ ಎಂದು ಆ ಕ್ಷಣವೇ ಎಚ್ಚರಿಸುವ ನರತುದಿ ಇಲ್ಲ. ಹಾಗಾಗಿ ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲಿ ತಂಗಾಳಿಗೆ ಮೈಯೊಡ್ಡಿ ನಡೆಯುವವರು, ದೋಣಿಯಲ್ಲಿ ಕುಳಿತ ಮೀನುಗಾರರು, ಮೋಡ ಕವಿದ ದಿನ ಮೈದಾನದಲ್ಲಿ ಆಡುವ ಮಕ್ಕಳು ತಮಗೆ ಬಿಸಿಲೇ ತಾಗುತ್ತಿಲ್ಲ ಎಂದುಕೊಳ್ಳುತ್ತಾರೆ. ತೆಳುಮೋಡದ ಮೂಲಕ ಅತಿನೇರಳೆ ಕಿರಣಗಳ ಬಹುಪಾಲು ಹಾದುಬರುತ್ತದೆ ಎಂಬುದನ್ನು ನೆನಪಿಡಿ.

ಎ, ಬಿ ಮತ್ತು ಸಿ

ಅತಿನೇರಳೆ ಕಿರಣಗಳನ್ನು ಅಲೆಯುದ್ದಕ್ಕೆ ಅನುಸಾರವಾಗಿ ಮೂರು ಗುಂಪುಗಳಾಗಿ ವಿಂಗಡಿಸುತ್ತಾರೆ. 100ರಿಂದ 280 ನ್ಯಾನೊಮೀಟರ್‌ವರೆಗಿನದು ಯುವಿ-ಸಿ. ಇದು ಅತ್ಯಂತ ಅಪಾಯಕಾರಿ. ಆದರೆ ವಾಯುಮಂಡಲದ ಆಕ್ಸಿಜನ್ ಮತ್ತು ಓಜೋನ್ ಇದನ್ನು ಪೂರ್ತಿಯಾಗಿ ಹೀರಿಕೊಳ್ಳುವುದರಿಂದ ಸೂರ್ಯನ ಯುವಿ-ಸಿ ನೆಲಕ್ಕೆ ಬರುವುದಿಲ್ಲ. 280ರಿಂದ 315ರವರೆಗಿನದು ಯುವಿ-ಬಿ. ಇದರಲ್ಲಿ ಹೆಚ್ಚಿನ ಭಾಗವನ್ನು ಓಜೋನ್ ತಡೆಯುತ್ತದೆ. 315ರಿಂದ 400ರವರೆಗಿನದು ಯುವಿ-ಎ. ಇದನ್ನು ಓಜೋನ್ ಅಷ್ಟಾಗಿ ತಡೆಯುವುದಿಲ್ಲ. ನೆಲಕ್ಕೆ ಬರುವ ಅತಿನೇರಳೆ ಕಿರಣಗಳಲ್ಲಿ ಶೇಕಡ 95ರಷ್ಟು ಯುವಿ-ಎ ಇರುತ್ತದೆ.

ಪ್ರಮಾಣದಲ್ಲಿ ಕಡಿಮೆಯಾದರೂ ಯುವಿ-ಬಿ ಹೆಚ್ಚು ಚುರುಕು. ಚರ್ಮ ಕೆಂಪಾಗಿ ಉರಿಯಲು ಮುಖ್ಯ ಕಾರಣ ಇದೇ. ಆದರೆ ಇದು ಹೊರಚರ್ಮದಲ್ಲಿಯೇ ಬಹುಮಟ್ಟಿಗೆ ನಿಂತುಬಿಡುತ್ತದೆ. ಯುವಿ-ಎ ಇನ್ನೂ ಆಳಕ್ಕೆ, ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ನಾರುಗಳಿರುವ ಒಳಚರ್ಮಕ್ಕೆ ಇಳಿಯುತ್ತದೆ. ಸಾಮಾನ್ಯ ಕಿಟಕಿ ಗಾಜು ಯುವಿ-ಬಿಯನ್ನು ಬಹುತೇಕ ತಡೆಯುತ್ತದೆ, ಯುವಿ-ಎಯ ಹೆಚ್ಚಿನ ಭಾಗವನ್ನು ಒಳಗೆ ಬಿಡುತ್ತದೆ.

ಇದಕ್ಕೆ ಒಂದು ಕಣ್ಣಿಗೆ ಕಟ್ಟುವ ಉದಾಹರಣೆಯಿದೆ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 69 ವರ್ಷದ ಟ್ರಕ್ ಚಾಲಕನೊಬ್ಬನ ಚಿತ್ರ ಪ್ರಕಟವಾಯಿತು. ಆತ 28 ವರ್ಷ ಟ್ರಕ್ ಓಡಿಸಿದ್ದ. ಅಲ್ಲಿ ಚಾಲಕ ಕೂರುವುದು ಎಡಬದಿಗೆ. ಆತನ ಮುಖದ ಬಲಭಾಗ ವಯಸ್ಸಿಗೆ ತಕ್ಕಂತಿದ್ದರೆ, ಕಿಟಕಿಯ ಕಡೆಗಿದ್ದ ಎಡಭಾಗದ ಚರ್ಮ ದಪ್ಪವಾಗಿ, ಆಳವಾದ ಸುಕ್ಕುಗಳಿಂದ ಜೋತುಬಿದ್ದಿತ್ತು. ಮುಖ ಒಂದೇ, ವಯಸ್ಸು ಒಂದೇ. ವ್ಯತ್ಯಾಸ ಗಾಜಿನ ಮೂಲಕ ಬಂದ ಯುವಿ-ಎ. ನಮ್ಮ ದೇಶದಲ್ಲಿ ಚಾಲಕ ಬಲಬದಿಗೆ ಕೂರುತ್ತಾನೆ. ವರ್ಷಗಟ್ಟಲೆ ಬಸ್ಸು, ಲಾರಿ ಓಡಿಸಿದವರ ಬಲಗೈಯನ್ನೂ ಎಡಗೈಯನ್ನೂ ಹೋಲಿಸಿ ನೋಡಿ.

ನಮ್ಮ ನಾಡಿನ ಬಿಸಿಲು

ಓಜೋನಿನ ಪ್ರಮಾಣವನ್ನು ಡಾಬ್ಸನ್ ಮಾನದಲ್ಲಿ ಹೇಳುತ್ತಾರೆ. ವಾಯುಮಂಡಲದ ಓಜೋನನ್ನೆಲ್ಲ ನೆಲಮಟ್ಟದ ಒತ್ತಡ ಮತ್ತು 0 ಡಿಗ್ರಿ ಸೆಲ್ಸಿಯಸ್ ತಾಪಕ್ಕೆ ತಂದು ಹರಡಿದರೆ ಜಾಗತಿಕ ಸರಾಸರಿಯಲ್ಲಿ ಸುಮಾರು 3 ಮಿಲಿಮೀಟರ್ ದಪ್ಪದ ಪದರವಾಗುತ್ತದೆ. ಇದು 300 ಡಾಬ್ಸನ್ ಮಾನ. ಓಜೋನ್ ರಂಧ್ರ ಎಂದೊಡನೆ ಅಂಟಾರ್ಕ್ಟಿಕದ ನೆನಪಾಗುತ್ತದೆ. ಆದರೆ ಸಹಜವಾಗಿಯೇ ಓಜೋನ್ ಪದರ ಉಷ್ಣವಲಯದ ಮೇಲೆ ಸರಾಸರಿಗಿಂತ ತೆಳುವಾಗಿದೆ. ಜೊತೆಗೆ ಇಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದರಿಂದ ಕಿರಣಗಳು ಈ ಪದರವನ್ನು ಓರೆಯಾಗಿ ದಾಟದೆ ನೇರವಾಗಿ ದಾಟುತ್ತವೆ. ಪದರ ತೆಳು, ದಾರಿಯೂ ಹತ್ತಿರ. ಹೀಗಾಗಿ ನಮ್ಮ ಬಿಸಿಲಿನಲ್ಲಿ ಯುವಿ-ಬಿ ಹೆಚ್ಚು.

ಇದನ್ನು ಜನರಿಗೆ ಸುಲಭವಾಗಿ ತಿಳಿಸಲು ಕೆನಡಾದ ವಿಜ್ಞಾನಿಗಳು 1992ರಲ್ಲಿ ಯುವಿ ಸೂಚ್ಯಂಕವನ್ನು ರೂಪಿಸಿದರು. ಅನಂತರ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಹವಾಮಾನ ಸಂಸ್ಥೆಗಳು ಅದನ್ನು ಜಗತ್ತಿಗೆಲ್ಲ ಒಂದೇ ಮಾನವಾಗಿ ಅಳವಡಿಸಿದವು. ಚರ್ಮವನ್ನು ಕೆಂಪಾಗಿಸುವ ಸಾಮರ್ಥ್ಯಕ್ಕೆ ತಕ್ಕಂತೆ ಪ್ರತಿ ಅಲೆಯುದ್ದಕ್ಕೂ ತೂಕ ಕೊಟ್ಟು ಈ ಸೂಚ್ಯಂಕವನ್ನು ಲೆಕ್ಕ ಹಾಕುತ್ತಾರೆ. 0ರಿಂದ 2 ಇದ್ದರೆ ಕಡಿಮೆ, 3ರಿಂದ 5 ಮಧ್ಯಮ, 6 ಮತ್ತು 7 ಹೆಚ್ಚು, 8ರಿಂದ 10 ಅತಿ ಹೆಚ್ಚು, 11 ಮತ್ತು ಅದರ ಮೇಲೆ ತೀವ್ರ. ಸೂಚ್ಯಂಕ 3 ಮುಟ್ಟಿದರೆ ರಕ್ಷಣೆ ಬೇಕು ಎಂಬುದು ಸಲಹೆ. ದಕ್ಷಿಣ ಭಾರತದಲ್ಲಿ ಬೇಸಿಗೆಯ ಶುಭ್ರ ಮಧ್ಯಾಹ್ನ ಇದು 11ನ್ನು ದಾಟುವುದು ಸಾಮಾನ್ಯ.

ಸೂಚ್ಯಂಕ ತಿಳಿಯಲು ಉಪಕರಣವಿಲ್ಲದಿದ್ದರೆ ಚಿಂತೆಯಿಲ್ಲ. ನಿಮ್ಮ ನೆರಳೇ ಮಾಪಕ. ನೆರಳು ನಿಮ್ಮ ಎತ್ತರಕ್ಕಿಂತ ಚಿಕ್ಕದಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ. ಬಿಸಿಲಿನಿಂದ ರಕ್ಷಣೆ ಬೇಕು. ನೆರಳು ಉದ್ದವಾಗಿದ್ದರೆ ಅಪಾಯ ಕಡಿಮೆ. ಸೂರ್ಯ 45 ಡಿಗ್ರಿಗೆ ಇಳಿಯುವಷ್ಟರಲ್ಲಿ ಯುವಿ ಸೂಚ್ಯಂಕ ನೆತ್ತಿಯ ಸೂರ್ಯನದರ ಅರ್ಧಕ್ಕಿಂತ ಕೆಳಗೆ ಬಂದಿರುತ್ತದೆ.

ಈ ನಿಯಮವನ್ನು ನಮ್ಮ ನಾಡಿಗೆ ಅನ್ವಯಿಸಿ ನೋಡಿ. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಕೊಂಡಿದೆ. ಆದ್ದರಿಂದ ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ನಿಜವಾದ ನಡುಹಗಲು ಸುಮಾರು 12 ಗಂಟೆ 18 ನಿಮಿಷಕ್ಕೆ. ತ್ರಿಕೋನಮಿತಿಯಿಂದ ಲೆಕ್ಕ ಹಾಕಿದರೆ, ಅಂದು ಬೆಳಗ್ಗೆ ಸುಮಾರು 9 ಗಂಟೆ 15 ನಿಮಿಷದಿಂದ ಮಧ್ಯಾಹ್ನ 3 ಗಂಟೆ 20 ನಿಮಿಷದವರೆಗೂ ಸೂರ್ಯ 45 ಡಿಗ್ರಿಗಿಂತ ಮೇಲಿರುತ್ತಾನೆ. ಆರು ಗಂಟೆಗೂ ಹೆಚ್ಚು! ಹತ್ತರಿಂದ ಎರಡರವರೆಗೆ ಬಿಸಿಲು ತಪ್ಪಿಸಿ ಎಂಬ ಹೊರದೇಶದ ಪುಸ್ತಕಗಳ ಸಲಹೆ ನಮ್ಮ ಬೇಸಿಗೆಗೆ ಸಾಲದು.

ಚಳಿಗಾಲದ ಮಾತೇನು? ಡಿಸೆಂಬರ್ 22ರಂದು ಸೂರ್ಯ ದಕ್ಷಿಣಕ್ಕೆ 23.4 ಡಿಗ್ರಿಯಲ್ಲಿರುತ್ತಾನೆ. ಆಗ ನಡುಹಗಲಿನಲ್ಲಿ ಬೆಂಗಳೂರಿನಲ್ಲಿ ಅವನ ಎತ್ತರ ಸುಮಾರು 53 ಡಿಗ್ರಿ, ರಾಜ್ಯದ ಉತ್ತರದ ತುದಿಯಲ್ಲಿರುವ ಬೀದರಿನಲ್ಲಿ ಸುಮಾರು 48 ಡಿಗ್ರಿ. ಅಂದರೆ ಕರ್ನಾಟಕದಲ್ಲಿ ನಡುಹಗಲಿನ ನೆರಳು ನಮ್ಮ ಎತ್ತರಕ್ಕಿಂತ ಉದ್ದವಾಗುವ ದಿನ ವರ್ಷದಲ್ಲಿ ಒಂದೂ ಇಲ್ಲ. ಬೀದರಿನ ಡಿಸೆಂಬರ್ ಚಳಿಯಲ್ಲಿ ಬಿಸಿಲು ಕಾಯಿಸುತ್ತ ಕೂರುವವರಿಗೂ ಈ ಮಾತು ಅನ್ವಯಿಸುತ್ತದೆ.

ಚರ್ಮದೊಳಗೆ ಏನಾಗುತ್ತದೆ?

ಜೀವಕೋಶದ ಡಿಎನ್‌ಎ ಯುವಿ-ಬಿಯನ್ನು ಹೀರಿಕೊಳ್ಳುತ್ತದೆ. ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದಲ್ಲಿ ಎರಡು ಥೈಮಿನ್‌ಗಳಿದ್ದರೆ ಅವು ತಮ್ಮತಮ್ಮಲ್ಲೇ ಬೆಸೆದುಕೊಂಡು ಜೋಡಿಯಾಗಬಹುದು. ಬಟ್ಟೆಯ ಜಿಪ್ಪಿನ ಒಂದೇ ಬದಿಯ ಎರಡು ಹಲ್ಲುಗಳು ಅಂಟಿಕೊಂಡರೆ ಜಿಪ್ಪು ಸಿಕ್ಕಿಕೊಳ್ಳುವುದಿಲ್ಲವೇ? ಹಾಗೆಯೇ ಇಲ್ಲಿ ಡಿಎನ್‌ಎ ಸೊಟ್ಟಗಾಗುತ್ತದೆ, ನಕಲು ತೆಗೆಯುವಾಗ ತಪ್ಪುಗಳಾಗುತ್ತವೆ. ಯುವಿ-ಎ ಬೇರೆ ದಾರಿ ಹಿಡಿಯುತ್ತದೆ. ಅದು ಚರ್ಮದ ಇತರ ಅಣುಗಳನ್ನು ಉದ್ರೇಕಿಸಿ ಚುರುಕಾದ ಆಕ್ಸಿಜನ್ ಕಣಗಳನ್ನು ಉಂಟುಮಾಡುತ್ತದೆ. ಇವು ಡಿಎನ್‌ಎ, ಪ್ರೋಟೀನು, ಮೇದಸ್ಸುಗಳನ್ನು ಕೆಡಿಸುತ್ತವೆ. ಕೊಲಾಜೆನನ್ನು ಕತ್ತರಿಸುವ ಕಿಣ್ವಗಳು ಹೆಚ್ಚುತ್ತವೆ. ಸುಕ್ಕು, ಜೋತುಬೀಳುವಿಕೆಗಳ ಮೂಲ ಇದು.

ಆದರೆ ಜೀವಕೋಶ ಕೈಕಟ್ಟಿ ಕೂರುವುದಿಲ್ಲ. ಕೆಲವು ಕಿಣ್ವಗಳು ಡಿಎನ್‌ಎಯನ್ನು ಸದಾ ತಪಾಸಣೆ ಮಾಡುತ್ತ, ಕೆಟ್ಟ ತುಣುಕನ್ನು ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ಮಾದರಿಯಾಗಿಟ್ಟುಕೊಂಡು ಹೊಸದನ್ನು ಹೆಣೆಯುತ್ತವೆ. ಈ ರಿಪೇರಿ ಕ್ರಮವನ್ನು ಬಿಡಿಸಿ ತೋರಿಸಿದ ಅಜೀಜ್ ಸಂಜಾರ್ ಅವರಿಗೆ, ಥಾಮಸ್ ಲಿಂಡಾಲ್ ಮತ್ತು ಪಾಲ್ ಮಾಡ್ರಿಚ್ ಅವರ ಜೊತೆಯಲ್ಲಿ, 2015ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿ ದೊರೆಯಿತು. ಹಾನಿ ರಿಪೇರಿಗೂ ಮೀರಿದ್ದರೆ ಆ ಕೋಶ ತಾನಾಗಿ ಸಾಯುತ್ತದೆ. ಬಿಸಿಲಿಗೆ ಬೆಂದ ಚರ್ಮ ಕೆಲವು ದಿನಗಳ ಬಳಿಕ ಸಿಪ್ಪೆ ಸುಲಿಯುವುದು ಇಂಥ ಸತ್ತ ಕೋಶಗಳಿಂದಲೇ.

ಈ ರಿಪೇರಿ ಇಲ್ಲದಿದ್ದರೆ ಏನಾದೀತು ಎಂಬುದಕ್ಕೆ ಕ್ಸೀರೋಡರ್ಮ ಪಿಗ್ಮೆಂಟೋಸಮ್ ಎಂಬ ಅಪರೂಪದ ಅನುವಂಶಿಕ ಕಾಯಿಲೆ ಸಾಕ್ಷಿ. ಈ ರೋಗಿಗಳಲ್ಲಿ ಡಿಎನ್‌ಎ ರಿಪೇರಿಯ ಕೊರತೆಯಿದೆ ಎಂಬುದನ್ನು 1968ರಲ್ಲಿ ಜೇಮ್ಸ್ ಕ್ಲೀವರ್ ತೋರಿಸಿದರು. ಅಂಥ ಮಕ್ಕಳಿಗೆ ಎಳೆಯ ವಯಸ್ಸಿನಲ್ಲಿಯೇ ಚರ್ಮದ ಕ್ಯಾನ್ಸರ್ ಬರುತ್ತದೆ. ನಮಗೆ ಬರದಿರುವುದಕ್ಕೆ ಕಾರಣ ಹಗಲೂ ರಾತ್ರಿ ನಡೆಯುವ ಆ ರಿಪೇರಿ. ಆದರೆ ಅದಕ್ಕೂ ಮಿತಿಯುಂಟು. ತಪ್ಪಿಹೋದ ಸಣ್ಣಪುಟ್ಟ ಹಾನಿಗಳು ಉತ್ಪರಿವರ್ತನೆಗಳಾಗಿ ವರ್ಷದಿಂದ ವರ್ಷಕ್ಕೆ ಕೂಡಿಕೊಳ್ಳುತ್ತವೆ. ಸೂರ್ಯನ ವಿಕಿರಣವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಕಾರಕಗಳ ಮೊದಲ ಗುಂಪಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1992ರಲ್ಲಿಯೇ ಸೇರಿಸಿದೆ.

ಮೆಲನಿನ್ ಎಂಬ ಕೊಡೆ

ಹೊರಚರ್ಮದ ತಳದಲ್ಲಿರುವ ವರ್ಣಕೋಶಗಳು ಮೆಲನಿನ್ ತಯಾರಿಸಿ ಸುತ್ತಲಿನ ಕೋಶಗಳಿಗೆ ಹಂಚುತ್ತವೆ. ಆ ಕೋಶಗಳಲ್ಲಿ ಮೆಲನಿನ್ ಕಣಗಳು ಕೋಶಕೇಂದ್ರದ ಮೇಲ್ಬದಿಯಲ್ಲಿ ಕೊಡೆಯಂತೆ ಜೋಡಣೆಗೊಂಡು ಡಿಎನ್‌ಎಗೆ ನೆರಳು ಕೊಡುತ್ತವೆ. ಬಿಸಿಲಿನಲ್ಲಿ ಓಡಾಡಿದ ಎರಡು ಮೂರು ದಿನಗಳಲ್ಲಿ ಮೈ ಕಪ್ಪಾಗುವುದು ಈ ಕೊಡೆಯನ್ನು ಹಿಗ್ಗಿಸುವ ಪ್ರಯತ್ನ. ಅಂದರೆ ಕಪ್ಪಾಗಿದೆ ಎಂದರೆ ಡಿಎನ್‌ಎಗೆ ಪೆಟ್ಟು ಬಿದ್ದಾಗಿದೆ ಎಂದೇ ಅರ್ಥ.

ಹಾಗಾದರೆ ಹುಟ್ಟಿನಿಂದಲೇ ಕಂದು ಅಥವಾ ಕಪ್ಪು ಮೈಬಣ್ಣದವರಿಗೆ ಭಯವಿಲ್ಲವೇ? ಭಯ ಕಡಿಮೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. 1979ರಲ್ಲಿ ಪ್ರಕಟವಾದ ಒಂದು ಅಳತೆಯಲ್ಲಿ ಯುವಿ-ಬಿ ವಿರುದ್ಧ ಕಪ್ಪು ಜನಾಂಗದವರ ಹೊರಚರ್ಮದ ರಕ್ಷಣಾಂಕ ಸರಾಸರಿ 13.4, ಬಿಳಿಯರದು 3.4 ಎಂದು ಕಂಡುಬಂತು. ಭಾರತೀಯರಲ್ಲಿ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆ ಇರುವುದಕ್ಕೆ ಇದು ಮುಖ್ಯ ಕಾರಣ. ಕಪ್ಪು ಬಣ್ಣ ಉಷ್ಣವಲಯದ ಬಾಳಿಗೆ ನಿಸರ್ಗ ಕೊಟ್ಟ ಕೊಡೆ. ಅದನ್ನು ಕೊರತೆ ಎಂದು ಭಾವಿಸಿ ಬಿಳುಪಿನ ಕ್ರೀಮುಗಳ ಹಿಂದೆ ಹೋಗುವುದು ವಿಜ್ಞಾನಕ್ಕೆ ಒಪ್ಪುವ ಮಾತಲ್ಲ. ಸ್ಟೀರಾಯ್ಡ್ ಬೆರೆತ ಕ್ರೀಮುಗಳನ್ನು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ಹಚ್ಚಿಕೊಂಡರೆ ಚರ್ಮ ತೆಳುವಾಗಿ ಬಿಸಿಲನ್ನು ತಾಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ.

ನಮ್ಮಲ್ಲಿ ಬಿಸಿಲಿನ ಹಾನಿ ಬೇರೆ ರೂಪಗಳಲ್ಲಿ ಕಾಣಿಸುತ್ತದೆ. ಕೆನ್ನೆ ಹಾಗೂ ಹಣೆಯ ಮೇಲೆ ಬರುವ ಬಂಗು ಬಿಸಿಲಿನಿಂದ ಹೆಚ್ಚಾಗುತ್ತದೆ. ಕಂದು ಚರ್ಮದಲ್ಲಿ ಕಾಣುವ ಬೆಳಕೂ ಇದನ್ನು ಹೆಚ್ಚಿಸುತ್ತದೆ. ಕೆಲವರಿಗೆ ಕತ್ತು, ಮುಂಗೈಗಳ ಮೇಲೆ ತುರಿಸುವ ಗುಳ್ಳೆಗಳು ಏಳುತ್ತವೆ. ಕಣ್ಣಿನ ಪೊರೆಗೂ ಅತಿನೇರಳೆ ಕಿರಣ ಒಂದು ಕಾರಣ. ಅಂಗೈ, ಅಂಗಾಲು, ಉಗುರಿನ ಅಡಿಯಲ್ಲಿ ಬರುವ ಮೆಲನೋಮ ಎಂಬ ಕ್ಯಾನ್ಸರ್ ಕಪ್ಪು ಮೈಬಣ್ಣದವರಲ್ಲಿಯೂ ಕಾಣಿಸುವುದುಂಟು. ಇದಕ್ಕೂ ಬಿಸಿಲಿಗೂ ಅಂಥ ಸಂಬಂಧವಿಲ್ಲ. ಆದ್ದರಿಂದ ದೇಹದ ಯಾವುದೇ ಭಾಗದಲ್ಲಿ ನಾಲ್ಕು ವಾರವಾದರೂ ಮಾಯದ ಹುಣ್ಣು, ಬೆಳೆಯುತ್ತಿರುವ ಅಥವಾ ಬಣ್ಣ ಬದಲಿಸುತ್ತಿರುವ ಮಚ್ಚೆ ಕಂಡರೆ ಚರ್ಮವೈದ್ಯರಿಗೆ ತೋರಿಸಬೇಕು.

ಕೊಡೆಯಿಲ್ಲದ ಮಕ್ಕಳು

ಶಿಕ್ಷಕರು ಇಲ್ಲಿ ವಿಶೇಷ ಗಮನ ಕೊಡಬೇಕು. ಕೆಲವು ಮಕ್ಕಳು ಮೆಲನಿನ್ ತಯಾರಿಸುವ ಸಾಮರ್ಥ್ಯವಿಲ್ಲದೆ ಅಥವಾ ಅತಿ ಕಡಿಮೆ ಸಾಮರ್ಥ್ಯದೊಂದಿಗೆ ಹುಟ್ಟುತ್ತಾರೆ. ಇದು ಆಲ್ಬಿನಿಸಮ್. ಮೈ, ಕೂದಲು, ಹುಬ್ಬು ಎಲ್ಲವೂ ಬೆಳ್ಳಗಿರುತ್ತವೆ. ಇದನ್ನು ತೊನ್ನು ಎಂದು ತಿಳಿಯುವುದು ತಪ್ಪು. ತೊನ್ನಿನಲ್ಲಿ ಇದ್ದ ವರ್ಣಕೋಶಗಳು ಕೆಲವು ಕಡೆ ನಾಶವಾಗುತ್ತವೆ; ಆಲ್ಬಿನಿಸಮ್ ಹುಟ್ಟಿನಿಂದಲೇ ಬರುವಂಥದು. ಎರಡೂ ಅಂಟುರೋಗಗಳಲ್ಲ. ಆಲ್ಬಿನಿಸಮ್ ಸಾಮಾನ್ಯವಾಗಿ ಸುಪ್ತ ಗುಣವಾಗಿ ಬರುತ್ತದೆ. ರಕ್ತಸಂಬಂಧದ ಮದುವೆಗಳಲ್ಲಿ ಅದು ಪ್ರಕಟವಾಗುವ ಸಾಧ್ಯತೆ ಹೆಚ್ಚು.

ಇಂಥ ಮಗುವಿಗೆ ನಮ್ಮ ನಾಡಿನ ಬಿಸಿಲು ನಿಜವಾಗಿಯೂ ಅಪಾಯಕಾರಿ. ನಮಗೆ ಏನೂ ಅನಿಸದ ಅರ್ಧ ಗಂಟೆಯ ಬಿಸಿಲಿನಲ್ಲಿ ಅದರ ಚರ್ಮ ಬೆಂದುಹೋಗಬಹುದು. ರಕ್ಷಣೆಯಿಲ್ಲದೆ ಬಿಸಿಲಿನಲ್ಲಿ ದುಡಿದು ಬೆಳೆದವರಿಗೆ ಯೌವನದಲ್ಲಿಯೇ ಚರ್ಮದ ಕ್ಯಾನ್ಸರ್ ಬರುವುದುಂಟು. ಅದನ್ನು ಬಹುಮಟ್ಟಿಗೆ ತಪ್ಪಿಸಬಹುದು ಎಂಬುದೇ ಸಮಾಧಾನದ ವಿಷಯ. ತುಂಬುತೋಳಿನ ಅಂಗಿ, ಅಂಚು ಅಗಲವಾದ ಟೋಪಿ, ಬಿಸಿಲು ತಡೆಯುವ ಲೇಪ, ನೆರಳಿನಲ್ಲಿ ಆಟ, ಇಷ್ಟು ಸಿಕ್ಕರೆ ಆ ಮಗು ಎಲ್ಲರಂತೆ ಬಾಳಬಲ್ಲದು. ಇವರ ದೃಷ್ಟಿಯೂ ಮಂದವಾಗಿರುವುದರಿಂದ ಮುಂದಿನ ಸಾಲಿನಲ್ಲಿ, ಕಿಟಕಿಯ ಬೆಳಕು ಕಣ್ಣಿಗೆ ರಾಚದ ಕಡೆ ಕೂರಿಸಬೇಕು. ತೊನ್ನಿನ ಬಿಳಿ ಕಲೆಗಳಿರುವ ಮಕ್ಕಳಿಗೂ ಆ ಭಾಗಗಳಲ್ಲಿ ರಕ್ಷಣೆ ಬೇಕು.

ಬಿಸಿಲು ಬೇಡವೇ ಬೇಡವೇ?

ಹಾಗೇನಿಲ್ಲ. ಚರ್ಮದಲ್ಲಿರುವ 7-ಡಿಹೈಡ್ರೋಕೊಲೆಸ್ಟೆರಾಲ್ ಎಂಬ ವಸ್ತು ಯುವಿ-ಬಿಯ ನೆರವಿನಿಂದಲೇ ವಿಟಮಿನ್ ಡಿ ಆಗಿ ಬದಲಾಗುತ್ತದೆ. ಇಷ್ಟು ಬಿಸಿಲಿರುವ ನಮ್ಮ ದೇಶದಲ್ಲಿ ವಿಟಮಿನ್ ಡಿ ಕೊರತೆ ವ್ಯಾಪಕವಾಗಿದೆ. ಹಗಲಿಡೀ ಒಳಗೆ ಕುಳಿತು ಮಾಡುವ ಕೆಲಸ ಇದಕ್ಕೆ ಒಂದು ಕಾರಣ. ಮೆಲನಿನ್ ಯುವಿ-ಬಿಯನ್ನು ತಡೆಯುವುದರಿಂದ ಕಪ್ಪು ಚರ್ಮದಲ್ಲಿ ಈ ಕ್ರಿಯೆ ನಿಧಾನ ಎಂಬುದೂ ನಿಜ.

ಆದರೆ ಹೆಚ್ಚು ಹೊತ್ತು ಬಿಸಿಲಿಗೆ ನಿಂತರೆ ಹೆಚ್ಚು ವಿಟಮಿನ್ ಸಿಗುವುದಿಲ್ಲ. ಒಂದು ಮಟ್ಟ ತಲಪಿದ ಮೇಲೆ ಅದೇ ಕಿರಣಗಳು ವಿಟಮಿನ್ನಿನ ಪೂರ್ವರೂಪವನ್ನು ಕೆಲಸಕ್ಕೆ ಬಾರದ ಬೇರೆ ಅಣುಗಳಾಗಿ ಮಾರ್ಪಡಿಸುತ್ತವೆ. ಡಿಎನ್‌ಎ ಹಾನಿಯಾದರೋ ಹೊತ್ತು ಕಳೆದಂತೆ ಏರುತ್ತಲೇ ಹೋಗುತ್ತದೆ. ಆದ್ದರಿಂದ ಕೈಕಾಲುಗಳಿಗೆ ಸ್ವಲ್ಪ ಹೊತ್ತು, ಪದೇಪದೇ ಬಿಸಿಲು ತಾಗಿಸುವುದು ಉಚಿತ. ಬೇಯುವವರೆಗೆ ನಿಲ್ಲುವುದು ವ್ಯರ್ಥ.

ರಕ್ಷಣೆಯ ಕ್ರಮ

ಜಾಹೀರಾತುಗಳನ್ನು ನೋಡಿದರೆ ಬಿಸಿಲಿನ ರಕ್ಷಣೆ ಎಂದರೆ ಟ್ಯೂಬಿನಲ್ಲಿ ಬರುವ ಲೇಪ ಎಂಬ ಭಾವನೆ ಬರುತ್ತದೆ. ಸರಿಯಾದ ಕ್ರಮ ಬೇರೆ: ಮೊದಲು ಹೊತ್ತು, ಆಮೇಲೆ ನೆರಳು, ಆಮೇಲೆ ಬಟ್ಟೆ, ಕೊನೆಗೆ ಲೇಪ.

ಹೊಲದ ಕೆಲಸಕ್ಕೆ ನಸುಕಿನಲ್ಲಿ ಹೊರಟು ನಡುಹಗಲಲ್ಲಿ ಮರದಡಿ ವಿರಮಿಸುವ ರೂಢಿಯಲ್ಲಿ ಮೊದಲ ಎರಡು ಪಾಠಗಳಿವೆ. ಆದರೆ ನೆರಳಿದ್ದರೂ ಆಕಾಶದಿಂದ ಚದರಿದ ಅತಿನೇರಳೆ ಕಿರಣಗಳು ಬದಿಯಿಂದ ಬರುತ್ತವೆ ಎಂಬುದು ಗೊತ್ತಿರಲಿ. ಆಕಾಶ ಹೆಚ್ಚಾಗಿ ಕಾಣಿಸದ ದಟ್ಟ ಮರದ ನೆರಳು ಕೊಡೆಯ ನೆರಳಿಗಿಂತ ಮೇಲು. ಒಣ ಮರಳು ಸುಮಾರು ಶೇಕಡ 15ರಷ್ಟನ್ನು, ಸಮುದ್ರದ ನೊರೆ ಶೇಕಡ 25ರಷ್ಟನ್ನು ಹಿಂದಕ್ಕೆ ಚಿಮ್ಮಿಸುತ್ತವೆ.

ಬಟ್ಟೆಯ ವಿಷಯದಲ್ಲಿ ನೇಯ್ಗೆ ಮುಖ್ಯ. ಬೆಳಕಿಗೆ ಹಿಡಿದಾಗ ಎಳೆಗಳ ನಡುವೆ ಆಚೆಗಿನದು ಕಾಣಿಸಿದರೆ ಕಿರಣವೂ ತೂರುತ್ತದೆ. ಒತ್ತಾದ ನೇಯ್ಗೆ, ದಪ್ಪ, ಗಾಢ ಬಣ್ಣ ಇವು ರಕ್ಷಣೆಯನ್ನು ಹೆಚ್ಚಿಸುತ್ತವೆ. ತೆಳು ಬಿಳಿ ಹತ್ತಿ ಬಟ್ಟೆ, ಅದರಲ್ಲೂ ಒದ್ದೆಯಾದಾಗ, ಕಡಿಮೆ ರಕ್ಷಣೆ ಕೊಡುತ್ತದೆ. ಕ್ರಿಕೆಟ್ ಟೋಪಿ ಹಣೆಯನ್ನಷ್ಟೇ ಕಾಯುತ್ತದೆ, ಕಿವಿ, ಕತ್ತುಗಳನ್ನಲ್ಲ. ಸುತ್ತಲೂ ಅಂಚಿರುವ ಟೋಪಿ, ತಲೆಗೆ ಸುತ್ತಿ ಕತ್ತಿನ ಮೇಲೆ ಇಳಿಬಿಟ್ಟ ವಲ್ಲಿ, ತಲೆಯ ಮೇಲೆ ಹೊದ್ದ ಸೆರಗು ಅದಕ್ಕಿಂತ ಒಳ್ಳೆಯವು. ಕರಾವಳಿಯ ಕೃಷಿಕರು ತೊಡುವ ಅಡಕೆ ಹಾಳೆಯ ಮುಟ್ಟಾಳೆ ನೆತ್ತಿಗೆ ಒಳ್ಳೆಯ ಹೊದಿಕೆ. ಕತ್ತಿಗೆ ಮಾತ್ರ ಬೈರಾಸು ಬೇಕು. ಕಪ್ಪು ಕನ್ನಡಕ ಕೊಳ್ಳುವಾಗ ಅತಿನೇರಳೆ ಕಿರಣವನ್ನು ತಡೆಯುವ ಗುರುತಿದೆಯೇ ನೋಡಿ. ಬರೀ ಕಪ್ಪಾಗಿದ್ದರೆ ಕಣ್ಣಿನ ಪಾಪೆ ಅಗಲವಾಗಿ ಕಿರಣಗಳು ಇನ್ನಷ್ಟು ಒಳಹೋಗುತ್ತವೆ.

ಲೇಪದ ಲೆಕ್ಕ

ಬಿಸಿಲು ತಡೆಯುವ ಲೇಪ, ಅಂದರೆ ಸನ್‌ಸ್ಕ್ರೀನ್‌ನ ಮೇಲೆ ಎಸ್‌ಪಿಎಫ್ ಎಂಬ ಸಂಖ್ಯೆ ಇರುತ್ತದೆ. ಆಸ್ಟ್ರಿಯದ ಫ್ರಾಂಜ್ ಗ್ರೈಟರ್ 1974ರಲ್ಲಿ ಇದನ್ನು ಬಳಕೆಗೆ ತಂದರು. ಲೇಪವಿಲ್ಲದ ಚರ್ಮ ಕೆಂಪಾಗಲು ಬೇಕಾದ ಕಿರಣಪ್ರಮಾಣಕ್ಕೂ ಲೇಪವಿದ್ದಾಗ ಬೇಕಾದ ಪ್ರಮಾಣಕ್ಕೂ ಇರುವ ಅನುಪಾತವೇ ಈ ಸಂಖ್ಯೆ. ಎಸ್‌ಪಿಎಫ್ 15 ಇದ್ದರೆ ಹದಿನೈದರಲ್ಲಿ ಒಂದು ಪಾಲು ಒಳಹೋಗುತ್ತದೆ, ಸುಮಾರು ಶೇಕಡ 93 ತಡೆಯಲ್ಪಡುತ್ತದೆ. 30 ಇದ್ದರೆ ಶೇಕಡ 97, 50 ಇದ್ದರೆ ಶೇಕಡ 98. ಸಂಖ್ಯೆ ಏರಿದಷ್ಟು ರಕ್ಷಣೆ ಏರುವುದಿಲ್ಲ ಎಂಬುದನ್ನು ಗಮನಿಸಿ. ಎಸ್‌ಪಿಎಫ್ ಮುಖ್ಯವಾಗಿ ಯುವಿ-ಬಿಗೆ ಸಂಬಂಧಿಸಿದ್ದು. ಯುವಿ-ಎ ರಕ್ಷಣೆಗೆ ಪಿಎ ಎಂಬ ಅಕ್ಷರಗಳ ಮುಂದಿನ ಕೂಡು ಚಿಹ್ನೆಗಳನ್ನು ನೋಡಬೇಕು. ಚಿಹ್ನೆ ಹೆಚ್ಚಿದಷ್ಟು ರಕ್ಷಣೆ ಹೆಚ್ಚು.

ಸತುವಿನ ಆಕ್ಸೈಡ್ ಮತ್ತು ಟೈಟಾನಿಯಮ್ ಡೈಆಕ್ಸೈಡ್ ಇರುವ ಲೇಪಗಳು ಕನ್ನಡಿಯಂತೆ ಕಿರಣವನ್ನು ಹಿಂದಕ್ಕೆ ಕಳಿಸುತ್ತವೆ ಎಂದು ಹಲವೆಡೆ ಬರೆದಿರುತ್ತಾರೆ. ವಾಸ್ತವದಲ್ಲಿ ಇವು ಅರೆವಾಹಕಗಳು. ಅತಿನೇರಳೆ ಫೋಟಾನುಗಳನ್ನು ಇವು ಬಹುಮಟ್ಟಿಗೆ ಹೀರಿಕೊಳ್ಳುತ್ತವೆ, ಪ್ರತಿಫಲಿಸುವುದು ಅಲ್ಪ. ಸಾವಯವ ರಾಸಾಯನಿಕಗಳ ಲೇಪಗಳೂ ಹೀರಿಕೊಂಡ ಶಕ್ತಿಯನ್ನು ಶಾಖವಾಗಿ ಬಿಟ್ಟುಕೊಡುತ್ತವೆ.

ಪ್ರಯೋಗಾಲಯದಲ್ಲಿ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಮ್ ಹಚ್ಚಿ ಎಸ್‌ಪಿಎಫ್ ಅಳೆಯುತ್ತಾರೆ. ಹೆಚ್ಚಿನವರು ಹಚ್ಚುವುದು ಅದರ ಕಾಲು ಅಥವಾ ಅರ್ಧ ಭಾಗ. ಮುಖ ಮತ್ತು ಕತ್ತಿಗೆ ಸುಮಾರು 600 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೆ ಒಂದು ಸಲಕ್ಕೆ 1.2 ಗ್ರಾಮ್ ಬೇಕು, ಅಂದರೆ ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು. ಬೆವರಿಗೆ ತೊಳೆದುಹೋಗುವುದರಿಂದ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ದಿನಕ್ಕೆ ಮೂರು ಸಲ ಹಚ್ಚಿದರೆ 50 ಗ್ರಾಮಿನ ಟ್ಯೂಬು ಎರಡು ವಾರಕ್ಕೆ ಮುಗಿಯುತ್ತದೆ. ಕಳೆ ಕೀಳುವ ಹೆಣ್ಣಾಳಿಗೆ, ರಸ್ತೆಗೆ ಡಾಂಬರು ಹಾಕುವ ಕೂಲಿಗೆ ಇದು ಎಟುಕುವ ಮಾತಲ್ಲ. ಅವರಿಗೆ ಬೇಕಾದುದು ತುಂಬುತೋಳಿನ ಅಂಗಿ, ಅಂಚಿರುವ ಟೋಪಿ, ನಡುಹಗಲಿನ ವಿರಾಮ, ಒಂದು ನೆರಳಿನ ಚಪ್ಪರ. ಇವನ್ನು ಒದಗಿಸುವುದು ಕೆಲಸ ಮಾಡಿಸುವವರ ಹೊಣೆ.

ಆರು ತಿಂಗಳಿಗಿಂತ ಚಿಕ್ಕ ಮಗುವಿಗೆ ಲೇಪ ಬೇಡ, ನೇರ ಬಿಸಿಲಿಗೆ ಒಡ್ಡದಿರುವುದೇ ರಕ್ಷಣೆ. ಮುಖಕ್ಕೆ ನಿಂಬೆರಸ ಹಚ್ಚಿಕೊಂಡು ಹೊರಗೆ ಹೋಗುವುದಂತೂ ಅಪಾಯಕರ. ನಿಂಬೆ ಜಾತಿಯ ಹಣ್ಣುಗಳಲ್ಲಿರುವ ಫ್ಯೂರನೊಕೌಮರಿನ್‌ಗಳು ಯುವಿ-ಎ ಜೊತೆ ಸೇರಿ ಚರ್ಮವನ್ನು ಸುಟ್ಟು ಕಪ್ಪು ಕಲೆ ಉಳಿಸುತ್ತವೆ. ಡಾಕ್ಸಿಸೈಕ್ಲಿನ್‌ನಂಥ ಕೆಲವು ಔಷಧಿಗಳೂ ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುತ್ತವೆ.

ಆಸ್ಟ್ರೇಲಿಯದ ಅನುಭವ

ಇಷ್ಟೆಲ್ಲ ಮಾಡಿದರೆ ಫಲವಿದೆಯೇ? ಬಿಳಿಯರೇ ಬಹುಸಂಖ್ಯೆಯಲ್ಲಿದ್ದು ಬಿಸಿಲು ತೀಕ್ಷ್ಣವಾಗಿರುವ ಆಸ್ಟ್ರೇಲಿಯದಲ್ಲಿ ಚರ್ಮದ ಕ್ಯಾನ್ಸರ್ ಬಹಳ ಹೆಚ್ಚು. ಅಲ್ಲಿ 1981ರಲ್ಲಿ ಅಂಗಿ ತೊಡಿ, ಲೇಪ ಹಚ್ಚಿ, ಟೋಪಿ ಇಡಿ ಎಂಬ ಪ್ರಚಾರ ಶುರುವಾಯಿತು. ಮುಂದೆ ನೆರಳು ಹುಡುಕಿ, ಕನ್ನಡಕ ಹಾಕಿ ಎಂಬವೂ ಸೇರಿದವು. ಟೋಪಿ ಇಲ್ಲದಿದ್ದರೆ ಮೈದಾನದಲ್ಲಿ ಆಟವಿಲ್ಲ ಎಂಬುದು ಅಲ್ಲಿನ ಅನೇಕ ಶಾಲೆಗಳ ನಿಯಮ.

ಕ್ವೀನ್ಸ್‌ಲ್ಯಾಂಡಿನ ನ್ಯಾಂಬರ್ ಎಂಬ ಊರಿನಲ್ಲಿ 1992ರಲ್ಲಿ 1621 ವಯಸ್ಕರನ್ನು ಆರಿಸಿಕೊಂಡು ಒಂದು ಪರೀಕ್ಷೆ ನಡೆಯಿತು. ಅರ್ಧದಷ್ಟು ಜನರಿಗೆ ಪ್ರತಿದಿನ ಲೇಪ ಹಚ್ಚಲು ಹೇಳಿ, ಉಳಿದವರನ್ನು ಅವರವರ ಇಷ್ಟಕ್ಕೆ ಬಿಟ್ಟರು. ನಾಲ್ಕೂವರೆ ವರ್ಷಗಳ ಬಳಿಕ ನೋಡಿದಾಗ ದಿನವೂ ಹಚ್ಚಿದವರಲ್ಲಿ ಸ್ಕ್ವಾಮಸ್ ಕೋಶದ ಕ್ಯಾನ್ಸರ್ ಗೆಡ್ಡೆಗಳು ಸುಮಾರು ಶೇಕಡ 40 ಕಡಿಮೆಯಿದ್ದವು. ಮೆಲನೋಮ ಈ ಗುಂಪಿನಲ್ಲಿ 11 ಜನರಿಗೆ, ಇನ್ನೊಂದರಲ್ಲಿ 22 ಜನರಿಗೆ ಬಂದಿತ್ತು ಎಂಬುದು 2011ರಲ್ಲಿ ಪ್ರಕಟವಾಯಿತು. ಈ ಅಂಕಿಗಳು ಬಿಳಿ ಚರ್ಮದವರದು. ನಮಗೆ ಹಾಗೆಯೇ ಅನ್ವಯಿಸುವುದಿಲ್ಲ. ಆದರೆ ರಕ್ಷಣೆಯಿಂದ ಹಾನಿ ತಗ್ಗುತ್ತದೆ ಎಂಬ ತತ್ತ್ವಕ್ಕೆ ಇವು ಗಟ್ಟಿ ಪುರಾವೆ.

ನೀವೇ ಮಾಡಿ ನೋಡಿ

1. ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ. ಬೆಳಗ್ಗೆ 9ರಿಂದ ಸಂಜೆ 4ರವರೆಗೆ ಅರ್ಧ ಗಂಟೆಗೊಮ್ಮೆ ನೆರಳನ್ನು ಅಳೆದು ನಕ್ಷೆ ಬರೆಯಿರಿ. ನೆರಳು ಒಂದು ಮೀಟರಿಗಿಂತ ಕಡಿಮೆಯಿರುವ ಅವಧಿ ಎಷ್ಟು? ಜೂನ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಪುನರಾವರ್ತಿಸಿ ಹೋಲಿಸಿ.

2. ಗಾಢ ಬಣ್ಣದ ಕರಕುಶಲ ಕಾಗದದ ಮೇಲೆ ತೆಳು ಹತ್ತಿ, ದಪ್ಪ ಖಾದಿ, ಜೀನ್ಸ್ ಬಟ್ಟೆಯ ತುಣುಕುಗಳನ್ನು ಪಿನ್ ಮಾಡಿ ಒಂದು ವಾರ ಬಿಸಿಲಿಗಿಡಿ. ಯಾವುದರ ಅಡಿಯಲ್ಲಿ ಬಣ್ಣ ಹೆಚ್ಚು ಉಳಿದಿದೆ ನೋಡಿ. ಬಣ್ಣ ಮಾಸಲು ಕಾಣುವ ಬೆಳಕೂ ಕಾರಣ ಎಂಬುದು ನೆನಪಿರಲಿ.

3. ಅಂಗಡಿಗಳಲ್ಲಿ ಖೋಟಾ ನೋಟು ಗುರುತಿಸಲು ಬಳಸುವ ದೀಪ ಯುವಿ-ಎ ಸೂಸುತ್ತದೆ. ಅದರಡಿ ನೋಟಿನ ಸಂಖ್ಯೆಗಳು ಹೊಳೆಯುತ್ತವೆ. ಎರಡು ಗಾಜಿನ ಪಟ್ಟಿಗಳಲ್ಲಿ ಒಂದಕ್ಕೆ ಕೊಬ್ಬರಿ ಎಣ್ಣೆಯನ್ನೂ ಇನ್ನೊಂದಕ್ಕೆ ಪಿಎ ಗುರುತಿನ ಲೇಪವನ್ನೂ ತೆಳುವಾಗಿ ಸವರಿ, ನೋಟಿನ ಮೇಲೆ ಇಟ್ಟು ನೋಡಿ. ಹೊಳಪು ಯಾವುದರ ಅಡಿಯಲ್ಲಿ ಮಂದವಾಯಿತು? ಎಚ್ಚರಿಕೆ: ದೀಪವನ್ನು ನೇರವಾಗಿ ನೋಡಬೇಡಿ. ನೀರು ಶುದ್ಧಿ ಮಾಡುವ ಯುವಿ-ಸಿ ದೀಪವನ್ನು ಈ ಪ್ರಯೋಗಕ್ಕೆ ಖಂಡಿತ ಬಳಸಬೇಡಿ.

ಶಾಲೆಯಿಂದಲೇ ಆರಂಭ

ಒಬ್ಬ ವಿದ್ಯಾರ್ಥಿ ಶಾಲೆಯಲ್ಲಿ ಕಳೆಯುವ ಹತ್ತು ವರ್ಷಗಳ ಪ್ರಾರ್ಥನೆ, ಕವಾಯತು, ಆಟ, ಕ್ರೀಡಾಕೂಟಗಳಲ್ಲಿ ಎಷ್ಟು ಗಂಟೆ ಬಿಸಿಲಿನಲ್ಲಿರುತ್ತಾನೆ ಎಂದು ಲೆಕ್ಕ ಹಾಕಿ. ಬೆಳಗಿನ ಸಭೆಯನ್ನು ಕಟ್ಟಡದ ನೆರಳು ಬೀಳುವ ಬದಿಗೆ ಸರಿಸಲು ಖರ್ಚಿಲ್ಲ. ಆಟದ ಅವಧಿಯನ್ನು ಮೊದಲ ಅಥವಾ ಕೊನೆಯ ಪಿರಿಯಡ್ಡಿಗೆ ಹಾಕಲು ವೇಳಾಪಟ್ಟಿಯಲ್ಲಿ ಒಂದು ತಿದ್ದುಪಡಿ ಸಾಕು. ಅಂಗಳದ ಅಂಚಿನಲ್ಲಿ ಈ ಮಳೆಗಾಲ ನೆಟ್ಟ ಹೊಂಗೆ, ಬೇವಿನ ಸಸಿಗಳು ಕೆಲವೇ ವರ್ಷಗಳಲ್ಲಿ ನೆರಳು ಕೊಡುತ್ತವೆ. ನಿಮ್ಮ ತರಗತಿಯಲ್ಲಿ ಆಲ್ಬಿನಿಸಮ್ ಇರುವ ಮಗುವಿದ್ದರೆ ಆ ನೆರಳಿನ ಮೊದಲ ಹಕ್ಕು ಅದಕ್ಕಿರಲಿ. ಮುಂದಿನ ಸಲ ಹೊರಗೆ ಹೊರಡುವಾಗ ಸೆಕೆ ಎಷ್ಟಿದೆ ಎಂದು ಕೇಳಬೇಡಿ. ನೆರಳು ಎಷ್ಟು ಉದ್ದವಿದೆ ಎಂದು ನೋಡಿ.